ಮಹಾರಾಜ ಬಾಗಿ ಕರೆಯುತ್ತಿದ್ದ ಕಾಲ: ಹಳೇ ವಿಮಾನದ ಜಾಹೀರಾತುಗಳ ಬಗ್ಗೆ ಮಾತಾಡೋಣ ಬನ್ನಿ

ರದ್ದಿರಾಯ (ಚರ್ಚೆ ಶುರು ಮಾಡಿದವರು)

ಹಳೇ ಪತ್ರಿಕೆಗಳಿಂದ ಜಾಹೀರಾತು ಕತ್ತರಿಸಿ ಇಟ್ಟುಕೊಳ್ಳುವ ಚಟ ನನ್ನದು. ಸೋಪು, ಸೈಕಲ್ಲು, ಟ್ರಾನ್ಸಿಸ್ಟರು ಎಲ್ಲದಕ್ಕೂ ಒಂದೊಂದು ಫೈಲಿದೆ. ಬೇಜಾರಾದಾಗ ತೆಗೆದು ನೋಡೋದು ಮಾತ್ರ ವಿಮಾನದ ಫೈಲು. ಅದರಲ್ಲೂ ಏರ್ ಇಂಡಿಯಾ.

1948ರ ಒಂದು ಜಾಹೀರಾತು ನೋಡಿ. ನಮ್ಮ ದೇಶದ ಕಂಪನಿಯ ವಿಮಾನ ಮೊದಲ ಸಲ ಲಂಡನ್‌ಗೆ ಹೊರಟಿದೆ. ಜೂನ್ 8, ಮಂಗಳವಾರ. ಬೊಂಬಾಯಿ, ಕೈರೋ, ಜಿನೀವಾ, ಲಂಡನ್. ವಿಮಾನ ಲಾಕ್‌ಹೀಡ್ ಕಾನ್‌ಸ್ಟೆಲೇಶನ್, ಅದಕ್ಕೆ ಇಟ್ಟ ಹೆಸರು ‘ಮಲಬಾರ್ ಪ್ರಿನ್ಸೆಸ್’. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿಲ್ಲ. ಈಗಿನವರಾಗಿದ್ದರೆ ಇಷ್ಟು ದೊಡ್ಡ ಸುದ್ದಿಗೆ ಪುಟವಿಡೀ ತ್ರಿವರ್ಣ ಬಳಿದು ಎದೆ ತಟ್ಟಿಕೊಳ್ಳುತ್ತಿದ್ದರು. ಅವರು ಮಾಡಿದ್ದೇ ಬೇರೆ. ಪೇಟ ಸುತ್ತಿದ, ಮೀಸೆ ತಿರುವಿದ ಒಬ್ಬ ಆಸಾಮಿಯನ್ನು ನಿಲ್ಲಿಸಿ, ‘ಗಿಮಿಕ್ಕು ಅಲ್ಲ ಮಾರಾಯರೇ, ನಿಜಕ್ಕೂ ಹೊರಟಿದ್ದೀನಿ, ನೀವೂ ಬನ್ನಿ’ ಅನ್ನೋ ಧಾಟಿಯಲ್ಲಿ ಕರೆಸಿದರು. ಒಂದು ಕಡೆಯ ಟಿಕೆಟ್ಟು 1720 ರೂಪಾಯಿ ಅಂತ ಮುಚ್ಚುಮರೆ ಇಲ್ಲದೆ ಹಾಕಿದರು.

ಆ ಆಸಾಮಿಯೇ ಮಹಾರಾಜ. 1946ರಲ್ಲಿ ಹುಟ್ಟಿದವನು. ಏರ್ ಇಂಡಿಯಾದ ವ್ಯಾಪಾರ ವಿಭಾಗ ನೋಡಿಕೊಳ್ಳುತ್ತಿದ್ದ ಬಾಬಿ ಕೂಕಾ, ಜೆ. ವಾಲ್ಟರ್ ಥಾಂಪ್ಸನ್ ಜಾಹೀರಾತು ಕಂಪನಿಯ ಕಲಾವಿದ ಉಮೇಶ್ ರಾವ್, ಇಬ್ಬರೂ ಸೇರಿ ಮಾಡಿದ್ದು. ಶುರುವಿಗೆ ಇವನು ಇದ್ದದ್ದು ಪ್ರಯಾಣಿಕರಿಗೆ ಕೊಡೋ ಬರವಣಿಗೆ ಪ್ಯಾಡಿನ ಮೇಲೆ ಅಷ್ಟೇ. ನೋಡೋಕೆ ರಾಜ, ಆದರೆ ಮೈಯಲ್ಲಿ ಹರಿಯೋದು ರಾಜರಕ್ತ ಅಲ್ಲ ಅಂತ ಕೂಕಾ ಅವರೇ ಹೇಳಿದ್ದರು.

ಆಮೇಲಿನ ಪೋಸ್ಟರುಗಳಲ್ಲಿ ಅವನು ಹಾಕದ ವೇಷ ಇಲ್ಲ. ಟೋಕಿಯೋಗೆ ಸುಮೋ ಪೈಲ್ವಾನ, ಪ್ಯಾರಿಸ್ಸಿಗೆ ಪ್ರೇಮಿ, ಇನ್ನೊಂದರಲ್ಲಿ ಫುಟ್‌ಪಾತಿನಲ್ಲಿ ಚಿತ್ರ ಬರೆಯೋನು, ಮತ್ತೊಂದರಲ್ಲಿ ಸನ್ಯಾಸಿ. ತನ್ನನ್ನೇ ತಾನು ಗೇಲಿ ಮಾಡಿಕೊಳ್ಳೋ ಜಾಹೀರಾತು ಈಗ ಯಾವ ಏರ್‌ಲೈನ್ ಮಾಡ್ತಿದೆ ಹೇಳಿ? ಈಗ ಬರೋದು ‘ಇಷ್ಟು ಪರ್ಸೆಂಟ್ ಆಫ್’, ಅದರ ಕೆಳಗೆ ಭೂತಗನ್ನಡಿ ಹಿಡಿದು ಓದಬೇಕಾದ ಷರತ್ತುಗಳು.

ನಿಮ್ಮಲ್ಲಿ ಏನಿದ್ರೂ ಹಾಕಿ. ಪೋಸ್ಟರು, ಲಗೇಜ್ ಚೀಟಿ, ಇಸ್ಪೀಟು ಪ್ಯಾಕು, ಬೀಸಣಿಗೆ, ಮೆನು ಕಾರ್ಡು. ಏನೂ ಇಲ್ಲದಿದ್ರೆ ನೆನಪಾದ್ರೂ ಆದೀತು.

ಬಜ್ಪೆಗುಡ್ಡೆ

1720 ರೂಪಾಯಿ ಅಂತ ಎಷ್ಟು ಸಲೀಸಾಗಿ ಬರೆದ್ರಿ ರಾಯರೇ! ಆಗ ಹತ್ತು ಗ್ರಾಂ ಚಿನ್ನ ನೂರು ರೂಪಾಯಿಯ ಆಸುಪಾಸಿನಲ್ಲಿ ಇತ್ತು. ಪವನು ಅಂದ್ರೆ ಎಂಟು ಗ್ರಾಂ, ಅಂದ್ರೆ ಲಂಡನ್ನಿಗೆ ಹೋಗ್ಲಿಕ್ಕೆ ಮಾತ್ರ ಇಪ್ಪತ್ತು ಪವನಿಗೂ ಮಿಕ್ಕಿ. ಬರ್ಲಿಕ್ಕೆ ಇನ್ನೊಂದಿಪ್ಪತ್ತು. ಎರಡು ಹೆಣ್ಮಕ್ಕಳ ಮದುವೆ ಮುಗಿಸಬಹುದಿತ್ತು ಅದರಲ್ಲಿ.

ಮಹಾರಾಜ ತಲೆ ಬಾಗಿಸಿ ಕರೀತಿದ್ದದ್ದು ನಮ್ಮನ್ನಲ್ಲ, ಬೇರೆ ಮಹಾರಾಜರನ್ನು.

ರದ್ದಿರಾಯ

ಒಪ್ಪಿದೆ ಬಜ್ಪೆಯವರೇ. ಆದರೆ ಕೊಳ್ಳೋಕಾಗದ ವಸ್ತುವಿನ ಜಾಹೀರಾತು ನೋಡಿ ಖುಷಿಪಡಬಾರದು ಅಂತ ಏನಿಲ್ಲವಲ್ಲ.

ವಿಮಾನಪುರದ ಮಗಳು

ನಮ್ಮ ತಂದೆ ಎಚ್‌ಎಎಲ್‌ನಲ್ಲಿದ್ದರು. ಯುದ್ಧ ಮುಗಿದಾಗ ರಾಶಿ ರಾಶಿ ಡಕೋಟಾ ವಿಮಾನಗಳು ಮಿಕ್ಕಿದ್ದವು. ಸೈನಿಕರನ್ನೂ ಸಾಮಾನನ್ನೂ ಹೊತ್ತು ಸವೆದಿದ್ದ ಅವನ್ನು ಬೆಂಗಳೂರಿನ ಕಾರ್ಖಾನೆಯಲ್ಲಿ ಬಿಚ್ಚಿ, ದುರಸ್ತಿ ಮಾಡಿ, ಒಳಗೆ ಸೀಟು ಕೂರಿಸಿ ಏರ್‌ಲೈನ್‌ಗಳಿಗೆ ಕೊಡುತ್ತಿದ್ದರು. ಅಪ್ಪನ ಹಿರಿಯ ಸಹೋದ್ಯೋಗಿಗಳು ಆ ಕಾಲದವರು. ಪೋಸ್ಟರಿನಲ್ಲಿ ನಗ್ತಾ ಕೂತಿರೋ ಪ್ರಯಾಣಿಕರ ಸೀಟಿನ ಬೋಲ್ಟು ಬಿಗಿದವರ ಕೈ ನೋಡಿದ್ದೀನಿ ನಾನು. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸು ಹೋಗ್ತಿರಲಿಲ್ಲ.

ನಮ್ಮ ಮನೆಯಲ್ಲಿ ಯಾರೂ ವಿಮಾನ ಹತ್ತಿರಲಿಲ್ಲ, ಆದರೆ ಏರ್ ಇಂಡಿಯಾ ಬ್ಯಾಗಿತ್ತು. ಹೆಗಲಿಗೆ ಹಾಕಿಕೊಳ್ಳೋ ರೆಕ್ಸಿನ್ನಿನದ್ದು. ಎಲ್ಲಿಂದ ಬಂತೋ ಗೊತ್ತಿಲ್ಲ. ಅಣ್ಣ ಅದನ್ನೇ ಶಾಲೆಗೆ ತಗೊಂಡು ಹೋಗ್ತಿದ್ದ. ಜಿಪ್ಪು ಕಿತ್ತು ಹೋದ ಮೇಲೆ ಅಮ್ಮ ಅದರಲ್ಲಿ ಈರುಳ್ಳಿ ತುಂಬಿ ಅಡುಗೆಮನೆ ಮೊಳೆಗೆ ನೇತುಹಾಕಿದ್ದರು. ಇಂಥ ಪುಕ್ಕಟೆ ಪ್ರಚಾರ ಯಾವ ಜಾಹೀರಾತಿಗೆ ಸಿಗುತ್ತೆ ಹೇಳಿ!

ದಾದರ್ ಕನ್ನಡಿಗ

ಮುಂಬಯಿಯ ಕೆಂಪ್ಸ್ ಕಾರ್ನರಿನ ಹೋರ್ಡಿಂಗ್ ಬಗ್ಗೆ ಇನ್ನೂ ಯಾರೂ ಬರೆದಿಲ್ಲವಲ್ಲ! ನನ್ನ ದೊಡ್ಡಪ್ಪ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಹೋಟೆಲಲ್ಲಿ ಕಪ್ಪುಬಸಿ ತೊಳೀತಾ, ರಾತ್ರಿ ಶಾಲೆಯಲ್ಲಿ ಓದಿದವರು. ಇಂಗ್ಲಿಷ್ ಕಲಿತದ್ದು ಆ ಹೋರ್ಡಿಂಗಿನಿಂದ ಅಂತ ಹೇಳ್ತಿದ್ರು. ಅರ್ಧ ಸತ್ಯ ಇರಬಹುದು, ಅವರ ಮಾತೇ ಹಾಗೆ. ಆದರೆ ಹೊಸ ಬೋರ್ಡು ಬಿತ್ತು ಅಂದ್ರೆ ಬಸ್ಸಿನಲ್ಲಿದ್ದವರೆಲ್ಲ ಕತ್ತು ಹೊರಗೆ ಹಾಕಿ ಓದ್ತಿದ್ದದ್ದು ನಿಜ. ಊರಲ್ಲಿ ಏನು ಗಲಾಟೆ ಆಗಿದೆಯೋ, ಯಾವ ಮಂತ್ರಿ ಏನು ಎಡವಟ್ಟು ಮಾಡಿದ್ದಾನೋ, ಅದಕ್ಕೊಂದು ಕೊಕ್ಕೆ ಇರೋದು. ವಿಮಾನದ ಸುದ್ದಿ ಇದ್ರೂ ಸೈ, ಇಲ್ಲದಿದ್ರೂ ಸೈ.

ಅದೂ ಸರ್ಕಾರಿ ಕಂಪನಿ ಕಣ್ರೀ. 1953ರಲ್ಲೇ ರಾಷ್ಟ್ರೀಕರಣ ಆಗಿತ್ತು. ಸರ್ಕಾರದ ದುಡ್ಡಲ್ಲಿ ಬೋರ್ಡು ಹಾಕಿ ಸರ್ಕಾರದ ಕಾಲೆಳೆಯೋದು! ಪಾರ್ಲಿಮೆಂಟಿನಲ್ಲಿ ಆಕ್ಷೇಪ ಎದ್ದದ್ದೂ ಉಂಟು. ಸಮಾಜವಾದ ಅನ್ನೋ ದೇಶದ ವಿಮಾನಕ್ಕೆ ಮಹಾರಾಜನ ಗುರುತು ಯಾಕೆ ಅನ್ನೋದು ಬೇರೆ ತಕರಾರು. 1989ರಲ್ಲಿ ಅವನನ್ನು ಮನೆಗೆ ಕಳಿಸಿಯೂ ಬಿಟ್ಟಿದ್ರು. ಜನ ಕೇಳ್ಳಿಲ್ಲ, ವಾಪಸ್ ಕರೆಸಬೇಕಾಯ್ತು.

ಅಮುಲ್ ಹುಡುಗಿ ಇವತ್ತಿಗೂ ಮಾಡ್ತಿರೋದು ಅದೇ ಕೆಲಸ. ಅವಳು ಬಂದದ್ದು 1966ರಲ್ಲಿ, ಅದೇ ಊರಿನಲ್ಲಿ.

ಲೆಕ್ಕದ ಶೀನ

ಎಲ್ಲರೂ ಕರಗಿ ನೀರಾಗೋ ಮುಂಚೆ ಒಂದೆರಡು ಮಾತು.

ಒಂದು. ಮೊದಲ ಪೋಸ್ಟಿನಲ್ಲಿರೋ ಮಲಬಾರ್ ಪ್ರಿನ್ಸೆಸ್ 1950ರ ನವೆಂಬರ್ 3ರಂದು ಯುರೋಪಿನ ಆಲ್ಪ್ಸ್‌ನ ಮಾಂ ಬ್ಲಾಂಕ್ ಪರ್ವತಕ್ಕೆ ಬಡಿದು 48 ಜನ ಸತ್ತರು. ಅದೇ ಬೆಟ್ಟದಲ್ಲಿ 1966ರ ಜನವರಿ 24ರಂದು ಏರ್ ಇಂಡಿಯಾದ ಬೋಯಿಂಗ್ 707 ಬಿತ್ತು, 117 ಜನ ಹೋದರು. ಅಣುವಿಜ್ಞಾನಿ ಹೋಮಿ ಭಾಭಾ ಅದರಲ್ಲಿದ್ದರು. ಭಾಭಾ ನಮ್ಮ ಐಐಎಸ್‌ಸಿಯಲ್ಲಿ ಪಾಠ ಮಾಡಿದವರು, ಬೆಂಗಳೂರಿಗರಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಆ ಕಾಲದ ಹಾರಾಟ ಈಗಿನಷ್ಟು ಸುರಕ್ಷಿತ ಆಗಿರಲಿಲ್ಲ. ಪೋಸ್ಟರಿನಲ್ಲಿ ಇದು ಕಾಣೋದಿಲ್ಲ.

ಎರಡು. ಅರವತ್ತು ಎಪ್ಪತ್ತರ ದಶಕದಲ್ಲಿ ದೇಶ ಬಿಟ್ಟು ಹೊರಡೋನಿಗೆ ಕೈಗೆ ಸಿಗ್ತಿದ್ದದ್ದು 8 ಡಾಲರ್. ಹೊರಡೋಕೆ ರಿಸರ್ವ್ ಬ್ಯಾಂಕಿನ ಒಪ್ಪಿಗೆಯ ಪಿ ಫಾರಂ ಬೇರೆ. ಪ್ಯಾರಿಸ್ಸಿನಲ್ಲಿ ಮಹಾರಾಜ ಪ್ರೇಮ ಮಾಡ್ತಾ ನಿಂತಿದ್ದಾನೆ ಅಂತ ನೋಡಿಕೊಂಡು ಹೋದ ನಮ್ಮ ಎಂಜಿನಿಯರ್ ಹುಡುಗರು ಅಲ್ಲಿ ಇಳಿದು ಕಾಫಿ ಕುಡಿಯೋಕೆ ಹತ್ತು ಸಲ ಯೋಚನೆ ಮಾಡ್ತಿದ್ದರು.

ಮೂರನೇದೇ ಮುಖ್ಯ. ನೀವೆಲ್ಲ ‘ಆ ಕಾಲದ ಪ್ರಯಾಣ’ ಅಂತ ಹಂಬಲಿಸ್ತಿರೋದು ಪ್ರಯಾಣವನ್ನಲ್ಲ, ಜಾಹೀರಾತನ್ನ. ನಾವು ಯಾರೂ ಆ ಪ್ರಯಾಣ ಮಾಡಿಲ್ಲವಲ್ಲ! ಜನ ಹತ್ತೋದಕ್ಕಿಂತ ನೋಡೋದೇ ಜಾಸ್ತಿ ಇದ್ದಾಗ ಕಂಪನಿಗೆ ತಮಾಷೆ ಮಾಡೋಕೆ ಪುರುಸೊತ್ತಿರುತ್ತೆ. ಈಗ 180 ಸೀಟಿನ ವಿಮಾನ ದಿನಕ್ಕೆ ಹಲವು ಟ್ರಿಪ್ಪು ತುಂಬಬೇಕು. ಅದಕ್ಕೇ ‘ಪರ್ಸೆಂಟ್ ಆಫ್’.

ರದ್ದಿರಾಯ

ಶೀನಪ್ಪ, ಮೂರನೇ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಆದರೂ ಫೈಲು ಎಸೆಯೋಲ್ಲ!

ಕಾಕನಕೋಟೆ ಕಾಡು

ಬೆಂಗಳೂರಿನ ಆನೆಮರಿ ಕತೆ ಇಲ್ಲಿ ಯಾರಿಗೂ ಗೊತ್ತಿಲ್ವಾ? ಬರೆದೇ ಬಿಡ್ತೀನಿ, ನಮ್ಮೂರಿನ ಪಾಲು ಇದರಲ್ಲಿದೆ.

1967. ಏರ್ ಇಂಡಿಯಾಕ್ಕೆ ಫಸ್ಟ್ ಕ್ಲಾಸ್ ಪ್ರಯಾಣಿಕರಿಗೆ ಕೊಡೋಕೆ ಒಂದು ಉಡುಗೊರೆ ಬೇಕಿತ್ತು. ಬೇರೆ ಯಾರಾದ್ರೂ ಆಗಿದ್ರೆ ಪೆನ್ನೋ ಕೀಚೈನೋ ಕೊಟ್ಟು ಕೈ ತೊಳ್ಕೊಳ್ತಿದ್ರು. ಇವರು ಹೋಗಿ ಕೇಳಿದ್ದು ಸ್ಪೇನಿನ ಚಿತ್ರಕಾರ ಸಾಲ್ವಡೋರ್ ಡಾಲಿಯನ್ನ. ಹೌದು, ಕರಗೋ ಗಡಿಯಾರದ ಡಾಲಿಯನ್ನೇ. ಅವನು ಮಾಡಿಕೊಟ್ಟದ್ದು ಬಿಳೀ ಪಿಂಗಾಣಿಯ ಒಂದು ಆಶ್‌ಟ್ರೇ. ಮಧ್ಯೆ ಚಿಪ್ಪಿನ ಆಕಾರದ ಬಟ್ಟಲು, ಅಂಚಿನ ಸುತ್ತ ಹಾವು, ಕೆಳಗೆ ಕಾಲಿನ ಬದಲು ಹಂಸವೂ ಆನೆ ತಲೆಯೂ. ಚಮತ್ಕಾರ ಇರೋದು ಆ ಕಾಲುಗಳಲ್ಲೇ. ತಿರುಗಿಸಿ ಹಿಡಿದರೆ ಹಂಸದ ಕತ್ತು ಸೊಂಡಿಲಾಗಿ ಆನೆ ಕಾಣುತ್ತೆ, ಆನೆ ಇದ್ದಲ್ಲಿ ಹಂಸ ಕಾಣುತ್ತೆ. ಫ್ರಾನ್ಸಿನ ಲಿಮೋಜ್‌ನಲ್ಲಿ ಸುಟ್ಟು ತಯಾರಿಸಿದ್ದು, ಕೆಲವೇ ನೂರು. ಇವತ್ತು ಹರಾಜಿಗೆ ಬಂದ್ರೆ ಲಕ್ಷಗಟ್ಟಲೆ.

ಕೂಲಿ ಏನು ಬೇಕು ಅಂತ ಕೇಳಿದಾಗ ಡಾಲಿ, ದುಡ್ಡು ಬೇಡ, ಆನೆಮರಿ ಬೇಕು ಅಂದ. ಇವರು ಬೆಂಗಳೂರಿನಿಂದ ಎರಡು ವರ್ಷದ ಒಂದು ಮರಿಯನ್ನ ಮಾವುತನ ಜೊತೆ ಜಿನೀವಾಕ್ಕೆ ಹಾರಿಸಿದರು. ಅಲ್ಲಿಂದ ಲಾರಿಯಲ್ಲಿ ಸ್ಪೇನಿನ ಕಡಕೇಸ್ ಅನ್ನೋ ಸಮುದ್ರದ ಊರಿಗೆ. ಊರಿಗೆ ಊರೇ ಹಬ್ಬ ಮಾಡಿತು. ಜಾಹೀರಾತಿಗೆ ಒಂದು ಪೈಸೆ ಚೆಲ್ಲದೆ ಯುರೋಪಿನ ಪತ್ರಿಕೆಗಳಲ್ಲೆಲ್ಲ ಏರ್ ಇಂಡಿಯಾ!

ಬಜ್ಪೆಗುಡ್ಡೆ

ಮಾರಾಯ್ರೆ, ಆ ಮಾವುತನ ಗತಿ ಯೋಚನೆ ಮಾಡಿ. ಜಿನೀವಾದ ಚಳಿಯಲ್ಲಿ ಮೈಸೂರು ಸೀಮೆಯ ಮನುಷ್ಯ, ಎದುರು ಮೀಸೆ ತಿರುವಿದ ಡಾಲಿ. ಇವರೇ ಮಹಾರಾಜರೋ ಅಂತ ಕೈ ಮುಗಿದಿರಬಹುದು.

ಲೆಕ್ಕದ ಶೀನ

ತಾಯಿಯಿಂದ ಬೇರೆ ಮಾಡಿದ ಮರಿ, ಒಂದು ಆಶ್‌ಟ್ರೇಗೋಸ್ಕರ. ಆ ಡಾಲಿ ಅದನ್ನ ಇಟ್ಟುಕೊಂಡು ಸಾಕಿದನೇ? ಮೃಗಾಲಯದ ಪಾಲಾಯ್ತು. ಇವತ್ತು ಯಾವ ಕಂಪನಿ ಹೀಗೆ ಮಾಡಿದ್ರೂ ಸಂಜೆಯೊಳಗೆ ಕ್ಷಮೆ ಕೇಳಬೇಕಾಗುತ್ತೆ, ಕೇಳಬೇಕಾದ್ದೇ ಸರಿ. ಅಲ್ಲದೆ ಉಡುಗೊರೆ ಏನು ನೋಡಿ: ಆಶ್‌ಟ್ರೇ! ವಿಮಾನದೊಳಗೆ ಗಂಟೆಗಟ್ಟಲೆ ಹೊಗೆ ಕುಡ್ಕೊಂಡು ಕೂತಿರಬೇಕಿತ್ತು, ಸೇದದವರೂ ಸಹ.

ಕಾಕನಕೋಟೆ ಕಾಡು

ಹೌದು ಶೀನಣ್ಣ, ಆನೆ ವಿಷಯಕ್ಕೆ ನಿಮ್ಮ ಮಾತು ಒಪ್ಪಿದೆ. ಆದರೆ ಆ ಧೈರ್ಯ ನೋಡಿ. ಒಂದು ಬಡ ದೇಶದ ಏರ್‌ಲೈನ್ ಡಾಲಿ ಮುಂದೆ ಹೋಗಿ ಕೂತು, ನಮಗೊಂದು ಆಶ್‌ಟ್ರೇ ಮಾಡಿಕೊಡಿ ಅನ್ನೋದು! 1956ರಲ್ಲೇ ಬಿ. ಪ್ರಭಾ ಅವರ ಚಿತ್ರ ಕೊಂಡುಕೊಂಡು ಬುಕಿಂಗ್ ಆಫೀಸುಗಳಲ್ಲಿ ಹಾಕೋಕೆ ಶುರು ಮಾಡಿದ್ದರು. ಆಮೇಲೆ ಹುಸೇನ್ ಬಂದರು, ಇನ್ನೂ ಎಷ್ಟೋ ಜನ. ಗೋಡೆಗೆ ಕ್ಯಾಲೆಂಡರ್ ಸಾಕು ಅನ್ನಬಹುದಿತ್ತಲ್ಲ.

ಗಗನಸಖಿ ಅನ್ನಬೇಡಿ

ಇಲ್ಲಿವರೆಗೂ ಸುಮ್ಮನೆ ಓದ್ತಾ ಇದ್ದೆ. ನಾನು ಕ್ಯಾಬಿನ್ ಕ್ರೂ ಆಗಿದ್ದವಳು, ಯಾವ ಕಂಪನಿ ಅನ್ನೋದು ಬೇಡ.

ಹಳೇ ವಿಮಾನದ ಜಾಹೀರಾತು ಅಂದ್ರೆ ಬರೀ ಮಹಾರಾಜ ಅಲ್ಲ. ಅಮೆರಿಕದಲ್ಲಿ ಬ್ರಾನಿಫ್ ಅನ್ನೋ ಕಂಪನಿ 1965ರಲ್ಲಿ ವಿಮಾನಗಳಿಗೆಲ್ಲ ಕಿತ್ತಳೆ, ಹಳದಿ, ನೀಲಿ ಬಳಿದು, ಹುಡುಗಿಯರಿಗೆ ಇಟಲಿಯ ಫ್ಯಾಷನ್ ಡಿಸೈನರ್ ಎಮಿಲಿಯೋ ಪುಚ್ಚಿ ಕೈಲಿ ಬಟ್ಟೆ ಹೊಲಿಸಿತು. ಅದೇನೋ ಚೆನ್ನಾಗೇ ಇತ್ತು. 1971ರಲ್ಲಿ ನ್ಯಾಷನಲ್ ಏರ್‌ಲೈನ್ಸ್ ಒಬ್ಬ ಹುಡುಗಿಯ ಮುಖ ಹಾಕಿ ‘ನನ್ನನ್ನು ಹಾರಿಸಿ’ ಅನ್ನೋ ಅರ್ಥದ ಸಾಲು ಕೊಟ್ಟಿತು. ಎರಡರ್ಥ ಬೇಕೆಂದೇ ಇಟ್ಟಿದ್ದು. ಕೆಲಸ ಮಾಡೋ ಹೆಂಗಸರು ಫಲಕ ಹಿಡಿದು ಬೀದಿಗಿಳಿದರು.

ನಮ್ಮಲ್ಲಿ ಅಷ್ಟು ನಾಚಿಕೆಗೇಡು ಇರಲಿಲ್ಲ. ಸೀರೆ, ಕೈ ಮುಗಿಯೋದು, ಹೂವು. ನೋಡೋಕೆ ಎಷ್ಟು ಚಂದ! ಆದರೆ ಆ ಸೀರೆಯೊಳಗಿದ್ದವಳ ಸೇವಾ ನಿಯಮ ಏನಿತ್ತು ಗೊತ್ತಾ? ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸ ಹೋಯ್ತು. ಮೊದಲ ಬಸಿರಿಗೆ ಕೆಲಸ ಹೋಯ್ತು. ಅದ್ಯಾವುದೂ ಆಗದಿದ್ರೂ 35ಕ್ಕೆ ಮನೆಗೆ. ಮೇಲಿನವರು ಮನಸ್ಸು ಮಾಡಿದ್ರೆ ಸ್ವಲ್ಪ ವಿಸ್ತರಣೆ. ಅದೇ ವಿಮಾನದಲ್ಲಿ ಅದೇ ಟ್ರೇ ಹಿಡಿದು ಓಡಾಡೋ ಗಂಡಸಿಗೆ ನಿವೃತ್ತಿ 58ಕ್ಕೆ. 1981ರಲ್ಲಿ, ಏರ್ ಇಂಡಿಯಾ ಮತ್ತು ನರ್ಗೀಸ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಸಿರಿನ ಷರತ್ತನ್ನು ಹೊಡೆದುಹಾಕಿತು. ಮೇಲಿನವರ ಮರ್ಜಿಯ ವಿಸ್ತರಣೆಯನ್ನೂ ಒಪ್ಪಲಿಲ್ಲ. ನಾಲ್ಕು ವರ್ಷದ ಮದುವೆ ಷರತ್ತನ್ನು ಮಾತ್ರ ಸರಿ ಅಂತ ಎತ್ತಿಹಿಡಿಯಿತು.

ಹಾಗಾಗಿ ಆ ಪೋಸ್ಟರುಗಳಲ್ಲಿ ವಯಸ್ಸಾದ ಮುಖ ಒಂದೂ ಯಾಕಿಲ್ಲ ಅಂತ ಯಾರೂ ತಲೆ ಕೆರೆದುಕೊಳ್ಳೋದು ಬೇಡ.

ವಿಮಾನಪುರದ ಮಗಳು

ಮೇಡಂ, ಇದನ್ನ ಬರೆದಿದ್ದು ಒಳ್ಳೇದಾಯ್ತು. ನನಗೆ ಆ ಕೆಲಸದ ಆಸೆ ತುಂಬಾ ಇತ್ತು. ಎಚ್‌ಎಎಲ್ ಏರ್‌ಪೋರ್ಟಿನ ಗ್ಯಾಲರಿಯಲ್ಲಿ ನಿಂತು ನೋಡಿದಾಗ, ಮೆಟ್ಟಿಲು ಇಳಿದು ನಡೆದು ಬರೋ ಆ ಹೆಂಗಸರು ಯಾರಿಗೂ ಹೆದರೋದಿಲ್ಲ ಅನ್ನಿಸ್ತಿತ್ತು. ನಮ್ಮ ಬೀದಿಯ ಹೆಣ್ಣುಮಕ್ಕಳಲ್ಲಿ ಆ ನಡಿಗೆ ಯಾರಿಗೂ ಇರಲಿಲ್ಲ. ಕಣ್ಣು ಸ್ವಲ್ಪ ಮಂದ ಅಂತ ನಾನು ಅರ್ಜಿ ಹಾಕಲೇ ಇಲ್ಲ.

ಗಗನಸಖಿ ಅನ್ನಬೇಡಿ

ಆ ನಡಿಗೆ ನಿಜವಾದದ್ದೇ. ನಾವು ಸ್ವಂತ ದುಡ್ಡಲ್ಲಿ ಬದುಕಿದವರು. ನಿಯಮ ಕೆಟ್ಟದು ಅಂದೆ, ಕೆಲಸ ಕೆಟ್ಟದು ಅನ್ನಲಿಲ್ಲ.

ಇನ್ನೊಂದು ವಿಷಯ. ಪ್ಲೇಟು ಪಿಂಗಾಣಿ, ಚಮಚ ಲೋಹದ್ದು ಅಂತ ಎಲ್ಲರೂ ನೆನೀತಾರೆ. ಅದನ್ನ ಹೊತ್ತವರ ಸೊಂಟವನ್ನ ಕೇಳಿ.

ಧಾರವಾಡ ಮಳಿ

ಏನ್ರೀ, ಎಲ್ಲಾ ಬೊಂಬಾಯಿ ಬೆಂಗಳೂರಾಗ ಮುಗಿಸಿಬಿಟ್ರಿ! ಈ ಕಂಪನಿ ಹುಟ್ಟಿದ ದಿನಾನ ನಮ್ಮ ಕಡೀಗೆ ಬಂದು ರಾತ್ರಿ ಮಲಗಿದ್ದು ಯಾರಿಗೂ ನೆನಪಿಲ್ಲೇನು?

1932ರ ಅಕ್ಟೋಬರ್ 15. ಟಾಟಾದವರ ಮೊದಲನೇ ಟಪಾಲು ವಿಮಾನ. ಕರಾಚಿಯಿಂದ ಬೊಂಬಾಯಿತನಕ ಜೆ. ಆರ್. ಡಿ. ಟಾಟಾ ಒಬ್ಬರ ಪುಸ್ ಮಾತ್ ಅನ್ನೋ ಸಣ್ಣ ವಿಮಾನ ಹಾರಿಸಿಕೊಂಡು ಬಂದ್ರು. 25 ಕಿಲೋ ಟಪಾಲು. ಅಹಮದಾಬಾದಿನಾಗ ಪೆಟ್ರೋಲು ಬಂದದ್ದು ಎತ್ತಿನ ಗಾಡಿ ಮ್ಯಾಲ. ಬೊಂಬಾಯಿಂದ ಮುಂದ ಟಪಾಲು ಒಯ್ದವರು ನೆವಿಲ್ ವಿನ್ಸೆಂಟ್ ಅನ್ನೋ ಪೈಲಟ್, ಹೋದದ್ದು ನಮ್ಮ ಬಳ್ಳಾರಿ ಮ್ಯಾಲೆ. ಬಳ್ಳಾರಿಯೊಳಗ ರಾತ್ರಿ ತಂಗಿ ಮರುದಿನ ಮದ್ರಾಸ್. ಆವಾಗಿನ ಬಳ್ಳಾರಿ ಮದ್ರಾಸ್ ಪ್ರಾಂತ್ಯದಾಗಿತ್ತು, ಆದ್ರೂ ಊರು ನಮ್ಮದ ಹೌದಲ್ಲ.

ಮಹಾರಾಜ ಇಲ್ಲ, ಪೋಸ್ಟರ್ ಇಲ್ಲ, ಸೀರಿ ಉಟ್ಟವ್ರಿಲ್ಲ. ಟಪಾಲು ಚೀಲ ಒಂದ. 1982ರಾಗ ಅದ ಹಾದೀಲೆ ಕರಾಚಿಯಿಂದ ಬೊಂಬಾಯಿಗೆ ಮತ್ತ ಹಾರಿಸಿಕೊಂಡು ಬಂದ್ರಲ್ಲ ಟಾಟಾ, ಆವಾಗ ಅವರಿಗೆ 78 ವರ್ಷ. ನನಗ ಕೇಳಿದ್ರ ಇದಕ್ಕಿಂತ ಛಲೋ ಜಾಹೀರಾತು ಆ ಕಂಪನಿ ಮಾಡೇ ಇಲ್ಲ.

ದಾದರ್ ಕನ್ನಡಿಗ

ಧಾರವಾಡದವ್ರೇ, ಬಳ್ಳಾರಿಯಲ್ಲಿ ಇದಕ್ಕೊಂದು ಫಲಕ ಗಿಲಕ ಇದೆಯೇನು?

ಧಾರವಾಡ ಮಳಿ

ನೋಡಿಲ್ರಿ ನಾನಂತೂ. ಬಳ್ಳಾರಿ ಮಂದಿ ಯಾರರ ಇದ್ರ ಹೇಳ್ರಿ.

ಗೊರೂರು ಕಡೆಯವನು

ಮಹಾರಾಜ ಒಂದು ಕಡೆ ಇರಲಿ. ನಮ್ಮವನನ್ನ ಮರೀಬೇಡಿ.

2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದರಲ್ಲ, ಅದರ ಗುರುತಿಗೆ ಆರಿಸಿಕೊಂಡದ್ದು ಯಾರನ್ನ? ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನ. ಪಂಚೆ, ಚೌಕುಳಿ ಕೋಟು, ದುಂಡು ಕನ್ನಡಕ. ಲಕ್ಷ್ಮಣ್ ಮೈಸೂರಿನವರು, ಗೋಪಿನಾಥ್ ನಮ್ಮ ಗೊರೂರಿನವರು. ಅಲ್ಲಿಗೆ ಲೆಕ್ಕ ಸರಿಹೋಯ್ತು.

ಇಬ್ಬರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮಹಾರಾಜ 1946ರವನು, ಶ್ರೀಸಾಮಾನ್ಯ 1951ರವನು. ಇಬ್ಬರೂ ಬೊಂಬಾಯಿಯಲ್ಲೇ ಕಾಗದದ ಮೇಲೆ ಹುಟ್ಟಿದವರು, ಐದು ವರ್ಷದ ಅಂತರ. ಒಬ್ಬ ಎಲ್ಲ ದೇಶ ಸುತ್ತಿ ಬಾಯಿ ತುಂಬ ಮಾತಾಡಿದ. ಇನ್ನೊಬ್ಬ ಬಾಯಿ ಬಿಡದೆ ಐವತ್ತು ವರ್ಷ ಮೂಲೆಯಲ್ಲಿ ನಿಂತು ನೋಡಿದ. ಅವನನ್ನ ವಿಮಾನ ಹತ್ತಿಸೋಕೆ 2003 ಆಗಬೇಕಾಯ್ತು.

ಆ ವಿಮಾನದಲ್ಲಿ ಊಟ ಇಲ್ಲ, ಸೀಟು ನಂಬರಿಲ್ಲ, ನೀರಿಗೂ ದುಡ್ಡು. ಬಾಗಿಲು ತೆಗೆದ ಕೂಡಲೇ ಕೆಂಪು ಬಸ್ಸಿನ ಹಾಗೆ ಟವೆಲ್ ಹಾಕಿ ಜಾಗ ಹಿಡಿಯೋದೊಂದು ಬಾಕಿ. ಪೆಟ್ರೋಲ್ ಬಂಕಿನಲ್ಲಿ, ಪೋಸ್ಟಾಫೀಸಿನಲ್ಲಿ ಟಿಕೆಟ್ಟು ಮಾರಿದರು. ಒಂದು ರೂಪಾಯಿ ಟಿಕೆಟ್ಟೂ ಇತ್ತು, ಸಿಕ್ಕೋರಿಗೆ ಸಿಕ್ತು. ತಡ ಆಗೋದು, ರದ್ದಾಗೋದು ಅಂತ ಜನ ಬೈದದ್ದೂ ಉಂಟು. ಆದರೆ ನಮ್ಮಜ್ಜಿ ಹಾಸನದ ಸಂತೆ ಬಿಟ್ಟು ಆಚೆ ಹೋಗದವಳು, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸ್ಕೊಂಡು ದೆಹಲಿಗೆ ಹಾರಿ ಮೊಮ್ಮಗನ ಮನೆ ನೋಡಿ ಬಂದಳು. ಇಳಿದ ಮೇಲೆ ಕೇಳಿದ್ದು ಒಂದೇ ಮಾತು: ‘ಡ್ರೈವರ್ರಿಗೆ ದಾರಿ ಹೆಂಗೆ ಗೊತ್ತಾಯ್ತದೆ?’

ಆಮೇಲೆ ಅದು ಕಿಂಗ್‌ಫಿಷರ್ ಕೈಗೆ ಹೋಯ್ತು, 2012ಕ್ಕೆ ಅದೂ ನಿಂತಿತು. ಶ್ರೀಸಾಮಾನ್ಯ ಮತ್ತೆ ಕಾಗದಕ್ಕೆ ವಾಪಸ್.

ಲೆಕ್ಕದ ಶೀನ

ಇದು ನೋಡಿ ಮಾತು. ರಾಯರೇ, ನಿಮ್ಮ ಫೈಲಿನಲ್ಲಿ ಏರ್ ಡೆಕ್ಕನ್ ಜಾಹೀರಾತು ಇದೆಯಾ?

ರದ್ದಿರಾಯ

ಇಲ್ಲ. ಆಗ ಹಳೇದಾಗಿರಲಿಲ್ಲ, ಹಾಗಾಗಿ ಕತ್ತರಿಸಲಿಲ್ಲ. ಯಾರ ಹತ್ರನಾದ್ರೂ ಇದ್ರೆ ದುಡ್ಡು ಕೊಟ್ಟು ತಗೋತೀನಿ.

ಬಜ್ಪೆಗುಡ್ಡೆ

ನಮ್ಮ ಊರಿನ ಕತೆ ಸ್ವಲ್ಪ ಬೇರೆ. ಮಂಗಳೂರಿನ ಬಜ್ಪೆಯಲ್ಲಿ 1951ರ ಕ್ರಿಸ್‌ಮಸ್ ದಿನ ನೆಹರೂ ಡಕೋಟಾದಲ್ಲಿ ಬಂದು ಇಳಿದದ್ದೇ ವಿಮಾನ ನಿಲ್ದಾಣದ ಉದ್ಘಾಟನೆ. ಗುಡ್ಡದ ತಲೆ ತರಿದು ಮಾಡಿದ ರನ್‌ವೇ. ಆದರೆ ಗಲ್ಫಿಗೆ ದುಡಿಯಲಿಕ್ಕೆ ಹೋಗುವ ನಮ್ಮವರಿಗೆ ಅದರಿಂದ ಉಪಯೋಗ ಆದದ್ದು 2006ರಲ್ಲಿ, ದುಬೈಗೆ ನೇರ ವಿಮಾನ ಬಂದ ಮೇಲೆ. ಅಲ್ಲಿವರೆಗೆ ರಾತ್ರಿ ಬಸ್ಸಲ್ಲಿ ಬೊಂಬಾಯಿ, ಅಲ್ಲಿ ಪರಿಚಯದವರ ಖೋಲಿಯಲ್ಲಿ ಎರಡು ದಿನ, ಆಮೇಲೆ ವಿಮಾನ.

ಯಾವ ಪೋಸ್ಟರಿನಲ್ಲೂ ಆ ಪ್ರಯಾಣಿಕ ಇಲ್ಲ ನೋಡಿ. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ, ಅದರ ನಾಲ್ಕೂ ಮಗ್ಗುಲಿಗೆ ಮಾರ್ಕರಿನಲ್ಲಿ ಹೆಸರು ವಿಳಾಸ, ಒಳಗೆ ಉಪ್ಪಿನಕಾಯಿ, ಒಣಮೀನು, ಕುಚ್ಚಲಕ್ಕಿ. ಏರ್‌ಲೈನುಗಳಿಗೆ ವರ್ಷವಿಡೀ ಸೀಟು ತುಂಬಿಸಿದ್ದು ಅವರು. ಜಾಹೀರಾತಿನಲ್ಲಿ ಮಾತ್ರ ಟೈ ಕಟ್ಟಿದ ಗಂಡ, ಟೊಪ್ಪಿ ಹಾಕಿದ ಹೆಂಡತಿ.

ಗಗನಸಖಿ ಅನ್ನಬೇಡಿ

ಗಲ್ಫ್ ಸೆಕ್ಟರ್ ಮಾಡಿದ್ದೀನಿ. ಮೊದಲ ಸಲ ಹೋಗೋ ಹುಡುಗ ಮತ್ತು ಎರಡು ವರ್ಷ ಬಿಟ್ಟು ಬರೋ ಹುಡುಗ, ಇಬ್ಬರ ಗುರುತು ಬಾಗಿಲಲ್ಲೇ ಸಿಗುತ್ತೆ. ಹೋಗೋನು ಕೊಟ್ಟದ್ದನ್ನೆಲ್ಲ ತಿಂದು, ಸೀಟ್ ಬೆಲ್ಟ್ ಬಿಚ್ಚೋದು ಹೇಗೆ ಅಂತ ಪಕ್ಕದವನನ್ನ ಕೇಳ್ತಾನೆ. ಬರೋನು ಏನೂ ತಿನ್ನೋಲ್ಲ, ಕಿಟಕಿ ಬಿಟ್ಟು ಕಣ್ಣು ತೆಗೆಯೋಲ್ಲ.

ಮೋಡದ ಮೇಲಿನ ಮೈಸೂರು

ಕಿಟಕಿ ಅಂದಿರಲ್ಲ, ಆ ಜಂಬೋ ಜೆಟ್ ಬಗ್ಗೆ ಬರೀಲೇಬೇಕು. 1971ರಲ್ಲಿ ಏರ್ ಇಂಡಿಯಾಕ್ಕೆ ಮೊದಲ ಬೋಯಿಂಗ್ 747 ಬಂತು, ಹೆಸರು ‘ಎಂಪರರ್ ಅಶೋಕ’. ಹೊರಗಿನಿಂದ ಪ್ರತಿ ಕಿಟಕಿಯ ಸುತ್ತ ರಾಜಸ್ಥಾನದ ಅರಮನೆ ಝರೋಖಾದ ಹಾಗೆ ಕೆಂಪು ಕಮಾನು ಬಿಡಿಸಿದ್ದರು. ‘ಆಕಾಶದಲ್ಲಿ ನಿಮ್ಮ ಅರಮನೆ’ ಅಂತ ಜಾಹೀರಾತು. ಬೇರೆಯವರು ಬಾಲಕ್ಕೆ ಬಣ್ಣ ಬಳಿದು ಸುಮ್ಮನಾಗ್ತಿದ್ದ ಕಾಲದಲ್ಲಿ ಇವರು ವಿಮಾನವನ್ನೇ ಪೋಸ್ಟರ್ ಮಾಡಿದರು. ಶೀನಣ್ಣ ಹೇಳೋ ಮೊದಲೇ ನಾನೇ ಹೇಳಿಬಿಡ್ತೀನಿ: ಅದೇ ವಿಮಾನ 1978ರ ಹೊಸವರ್ಷದ ರಾತ್ರಿ ಬಾಂದ್ರಾದ ಎದುರು ಸಮುದ್ರಕ್ಕೆ ಬಿತ್ತು, 213 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

2022ರಲ್ಲಿ ಕಂಪನಿ ಮತ್ತೆ ಟಾಟಾ ಕೈಗೆ ಬಂತು. 2023ರ ಹೊಸ ಲೋಗೋದಲ್ಲಿ ಆ ಝರೋಖಾ ಕಮಾನಿನ ತುದಿಯನ್ನಷ್ಟೇ ಚಿನ್ನದ ಗೆರೆಯಾಗಿ ಉಳಿಸಿಕೊಂಡಿದ್ದಾರೆ. ಮಹಾರಾಜನ ಕೆಲಸ ಕಡಿಮೆಯಾಗಿದೆ. ನನ್ನ ಮಟ್ಟಿಗೆ ಹೊಸದು ಅಚ್ಚುಕಟ್ಟಾಗಿದೆ, ಆದರೆ ನಗು ಬರಿಸೋದಿಲ್ಲ. ಲೋಗೋ ನಗಿಸಬೇಕಾ ಅಂತ ಕೇಳಬೇಡಿ. ನಗಿಸ್ತಿತ್ತಲ್ಲ, ಅದಕ್ಕೇ ಹೇಳಿದ್ದು.

ವಿಮಾನಪುರದ ಮಗಳು

ಹಾಗಾದ್ರೆ ಆ ಚಿತ್ರಗಳು, ಪೋಸ್ಟರುಗಳೆಲ್ಲ ಈಗ ಎಲ್ಲಿವೆ?

ಕಾಕನಕೋಟೆ ಕಾಡು

ಕಲಾಸಂಗ್ರಹ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಪಾಲಿಗೆ ಹೋಗಿದೆ. ನಮ್ಮ ಬೆಂಗಳೂರಿನ ಅರಮನೆ ರಸ್ತೆಯಲ್ಲೂ ಅದರ ಶಾಖೆ ಇದೆಯಲ್ಲ, ಮಾಣಿಕ್ಯವೇಲು ಬಂಗಲೆಯಲ್ಲಿ. ಒಂದು ಸಲ ಇಲ್ಲೂ ಪ್ರದರ್ಶನ ಮಾಡಲಿ ಅಂತ ಎಲ್ಲರೂ ಸೇರಿ ಪತ್ರ ಬರೆಯೋಣವಾ? ಆಶ್‌ಟ್ರೇ ಒಂದು ಬಂದ್ರೂ ಸಾಕು, ಆನೆಮರಿಯ ಊರಲ್ಲವೇ.

ಗೊರೂರು ಕಡೆಯವನು

ಪತ್ರಕ್ಕೆ ನನ್ನ ಸಹಿ ಇದೆ.

ಧಾರವಾಡ ಮಳಿ

ನಂದೂ ಹಾಕ್ರಿ. ರಾಯರ, ನಮ್ಮ ಕಾಕಾರ ಟ್ರಂಕಿನ್ಯಾಗ ಇಂಡಿಯನ್ ಏರ್‌ಲೈನ್ಸಿಂದು ಹಳೀ ಟೈಮ್‌ಟೇಬಲ್ ಒಂದು ಸಿಕ್ಕದ. ಮಡಚಿ ಮಡಚಿ ಘಡಿ ಬಿಟ್ಟದ, ಮೂಲಿ ಇಲಿ ಕಡದದ. ಒಳಗ ಬೆಳಗಾವಿ ವಿಮಾನದ ಹೊತ್ತು ಅದ. ನಿಮಗ ಬೇಕೇನು?

ರದ್ದಿರಾಯ

ಬೇಕೇನು ಅಂತ ಕೇಳ್ತೀರಲ್ಲ ಸರ್! ಮೊದಲು ಸ್ಕ್ಯಾನ್ ಮಾಡಿ ಇಲ್ಲಿ ಹಾಕಿ, 600 ಡಿಪಿಐ ಇರಲಿ. ಮಡಿಕೆ ಹೋಗಲಿ ಅಂತ ದಯವಿಟ್ಟು ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ. ಎರಡು ದಪ್ಪ ಪುಸ್ತಕದ ಮಧ್ಯೆ ಒಂದು ವಾರ ಇಡಿ. ಸೆಲ್ಲೋಟೇಪಂತೂ ಹತ್ತಿರ ತರಬೇಡಿ.

ಧಾರವಾಡ ಮಳಿ

ಟೇಪು ಕಾಕಾರ ಹಚ್ಚಿಬಿಟ್ಟಾರ್ರೀ.